ನಾಲ್ಕನೆಯ ಪ್ರಶ್ನೆಗೆ ಹೌದು

ಆ ಫಾರ್ಮು ತುಂಬಿದವಳು ನಾನು, ನನ್ನ ಮಗ ಡಾಸನ್ ಅಲ್ಲ. ಕೆಳಗೆ ಅವನ ಹೆಸರಿದೆ, ‘ಮೇಲಿನದೆಲ್ಲ ನಿಜವೆಂದು ಪ್ರಮಾಣ ಮಾಡುತ್ತೇನೆ’ ಎಂಬ ಸಾಲಿದೆ. ಕುಟ್ಟಿದ್ದು ಮಾತ್ರ ಈ ದಪ್ಪ ಬೆರಳುಗಳು. ನಮ್ಮ ಕಡೆ ಎಲ್ಲ ತಾಯಂದಿರೂ ಹೀಗೇ. ಮಗು ಕಾಲೇಜಿಗೆ ಹೋಗುತ್ತದೆ, ಅದರ ಪಾಸ್‌ವರ್ಡು ಮನೆಯಲ್ಲೇ ಉಳಿಯುತ್ತದೆ. ಡಾಸನ್‌ನ ಪಾಸ್‌ವರ್ಡು ನಮ್ಮ ಸತ್ತ ನಾಯಿಯ ಹೆಸರು.

ಪ್ರತಿ ಆಗಸ್ಟಿನಲ್ಲಿ ಕಾಲೇಜಿನವರು ಬಿಲ್ಲಿಗೆ ವಿದ್ಯಾರ್ಥಿ ಆರೋಗ್ಯ ವಿಮೆಯ ಶುಲ್ಕವನ್ನೂ ಅಂಟಿಸಿ ಕಳಿಸುತ್ತಾರೆ. ಯಾರೂ ಕೇಳಿರುವುದಿಲ್ಲ, ತಾವೇ ಸೇರಿಸುತ್ತಾರೆ. ಬೇಡ ಎಂದರೆ ಅಪ್ಪ ಅಮ್ಮನ ವಿಮೆ ಇದೆ ಎಂದು ತೋರಿಸಿ ತೆಗೆಸಿಕೊಳ್ಳಬೇಕು. ಇಪ್ಪತ್ತೆರಡು ವರ್ಷದಿಂದ ಕೌಂಟಿಯ ಶಾಲಾ ಬಸ್ಸು ಓಡಿಸುತ್ತಿದ್ದೇನೆ, ನನಗೆ ವಿಮೆ ಇಲ್ಲವೇ? ಇದೆ. ಮತ್ತೆ ಇನ್ನೊಂದಕ್ಕೆ ಯಾಕೆ ಸುರಿಯಬೇಕು? ಡಾಸನ್‌ನ ಅಪ್ಪನಂತೂ ಟೆಕ್ಸಸ್‌ಗೆ ಹೋದವನು ಒಂದು ಕಾಗದವನ್ನೂ ಹಾಕಿದವನಲ್ಲ. ಹಾಗಾಗಿ ಅಡಿಗೆಮನೆ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕುಳಿತೆ.

ನಾಲ್ಕು ಪ್ರಶ್ನೆ. ಮೊದಲ ಮೂರಕ್ಕೆ ಹೌದು, ಹೌದು, ಹೌದು. ನಾಲ್ಕನೆಯದು: ತುರ್ತಲ್ಲದ ಚಿಕಿತ್ಸೆಯೂ ಕಾಲೇಜಿನ ಊರಿನಲ್ಲೇ ನಿಮ್ಮ ವಿಮೆಯಲ್ಲಿ ಸಿಗುತ್ತದೆಯೇ? ಸಿಗುವುದಿಲ್ಲ. ನಮ್ಮ ಬಸ್ಸಿನವರ ವಿಮೆ ಇಲ್ಲಿನ ಮೂರು ಕೌಂಟಿಗಳ ಡಾಕ್ಟರುಗಳಿಗೆ ಮಾತ್ರ. ಹೊರಗೆ ಹೋದರೆ ಪ್ರಾಣ ಹೋಗುವಂಥದ್ದಾಗಿರಬೇಕು. ಕಾಲೇಜು ಐದು ಗಂಟೆ ದೂರ, ಬೇರೆ ರಾಜ್ಯ. ಇಲ್ಲ ಎಂದು ಒತ್ತಿದರೆ ಶುಲ್ಕ ಕಟ್ಟಲೇಬೇಕು. ಹತ್ತೊಂಬತ್ತರ ಹುಡುಗ, ಎತ್ತಿನ ಹಾಗಿದ್ದಾನೆ, ಅವನಿಗೇನು ದಾಡಿ? ಹೌದು ಎಂದು ಒತ್ತಿದೆ. ಎರಡು ನಿಮಿಷದಲ್ಲಿ ಒಪ್ಪಿಗೆಯೂ ಬಂತು.

ಉಳಿದ ದುಡ್ಡಿನಲ್ಲಿ ಅವನ ಬ್ಯಾಂಡಿನ ಶುಲ್ಕ ಕಟ್ಟಿದೆ, ಹೊಸ ಬಿಳಿ ಶೂ ಕಳಿಸಿದೆ. ಡಾಸನ್ ಕಾಲೇಜಿನ ಮೆರವಣಿಗೆ ಬ್ಯಾಂಡಿನಲ್ಲಿ ಸೂಸಫೋನ್ ನುಡಿಸುತ್ತಿದ್ದ. ಮೈಗೆ ಸುತ್ತಿಕೊಂಡು ಹೆಗಲ ಮೇಲೆ ಹೊರುವ ಹಿತ್ತಾಳೆಯ ಮಹಾ ಕಹಳೆ ಅದು. ಅದನ್ನು ಹೊತ್ತು, ಮೊಣಕಾಲು ಸೊಂಟದ ಮಟ್ಟಕ್ಕೆ ಎತ್ತಿ ಎತ್ತಿ ನಡೆಯಬೇಕು. ಆ ಬ್ಯಾಂಡಿಗೆ ಸೇರಬೇಕೆಂದು ಆರನೇ ಇಯತ್ತೆಯಿಂದ ಕನಸು ಕಂಡವನು.

ಬಸ್ ಶೆಡ್ಡಿನಲ್ಲಿ ಬೆಳಿಗ್ಗೆ ಕಾಫಿ ಹೊತ್ತಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರಲಿಲ್ಲ. ನನ್ನ ಜೊತೆಯ ಡ್ರೈವರ್ ರೋಂಡಾಳ ಮಗಳು ಕೆಯ್ಲಿ ಅದೇ ಕಾಲೇಜು. ರೋಂಡಾ ಫಾರ್ಮು ಕಳಿಸದೆ ಶುಲ್ಕ ಕಟ್ಟಿಬಿಟ್ಟಿದ್ದಳು.

“ಅಯ್ಯೋ ಪೆದ್ದೀ, ಸಾವಿರದ ಒಂಬೈನೂರು ಡಾಲರ್ ಹಾಗೇ ಕೊಟ್ಯಾ?” ಎಂದೆ. “ನನ್ನ ಕೇಳಿದ್ರೆ ಐದು ನಿಮಿಷದಲ್ಲಿ ತೆಗೆಸಿಕೊಡ್ತಿದ್ದೆ.”

“ನಾಲ್ಕನೇ ಪ್ರಶ್ನೆ ನೋಡಿ ಕೈ ಆಡಲಿಲ್ಲ ಕಣೇ ನಡೀನ್.”

“ಅದನ್ನ ಯಾವನು ಓದ್ತಾನೆ ಮಾರಾಯ್ತಿ? ಹೌದು ಅಂತ ಒತ್ತಬೇಕು, ಎದ್ದು ಹೋಗ್ಬೇಕು.”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ರೋಂಡಾಳೂ ನಕ್ಕಳು, ಪಾಪ. ಅಕ್ಟೋಬರಿನಲ್ಲಿ ಕೆಯ್ಲಿಯ ಕಾಲು ಉಳುಕಿತು. ಅಲ್ಲೇ ಕಾಲೇಜಿನ ಊರಿನಲ್ಲಿ ಅರ್ಧ ಗಂಟೆಯಲ್ಲಿ ಎಕ್ಸ್‌ರೇ ತೆಗೆದರಂತೆ, ಮೂಳೆ ಚೆನ್ನಾಗಿದೆಯಂತೆ. “ಸಾವಿರದ ಒಂಬೈನೂರು ಕೊಟ್ಟು ಒಂದು ಫೋಟೋ ತೆಗೆಸಿಕೊಂಡ್ರಾ? ಚೌಕಟ್ಟು ಹಾಕ್ಸಿ ಗೋಡೆಗೆ ಹಾಕು,” ಎಂದೆ. ಈ ನಾಲಿಗೆಯನ್ನು ಏನು ಮಾಡಬೇಕು ಹೇಳಿ.

ಅದಕ್ಕೂ ಮೊದಲು, ಸೆಪ್ಟೆಂಬರ್ ಒಂಬತ್ತರಂದು, ಡಾಸನ್ ಫೋನ್ ಮಾಡಿದ್ದ. ತಾರೀಕು ಚೆನ್ನಾಗಿ ನೆನಪಿದೆ. ಅವತ್ತು ದಾರಿ ಮಧ್ಯೆ ನನ್ನ ಬಸ್ಸಿನ ಟೈರು ಹೋಗಿ, ನಲವತ್ತು ಮಕ್ಕಳನ್ನು ರಸ್ತೆ ಬದಿ ಕಾದು, ತಲೆ ಸಿಡಿಯುತ್ತಿತ್ತು.

“ಅಮ್ಮ, ನಿನ್ನ ಆ ವಿಮೆ ಕಾರ್ಡು ಇಲ್ಲಿ ನಡೆಯುತ್ತಾ?”

“ತುರ್ತು ಇದ್ರೆ ನಡೆಯುತ್ತೆ. ಏನಾಯ್ತು?”

“ಏನಿಲ್ಲ. ಮೊಣಕಾಲು ಸ್ವಲ್ಪ ನೋವು. ಕಾಲೇಜಿನ ನರ್ಸ್ ಮಾತ್ರೆ ಕೊಟ್ಲು, ಒಂದ್ಸಲ ಎಕ್ಸ್‌ರೇ ತೆಗೆಸು ಅಂದ್ಲು.”

“ಅಷ್ಟು ದೊಡ್ಡ ತುತ್ತೂರಿ ಹೊತ್ಕೊಂಡು ಕುಣಿದ್ರೆ ನೋಯದೆ ಇರುತ್ತೇನೋ? ಕಾಲು ಮುರಿದಿದೆಯಾ?”

“ಇಲ್ಲ.”

“ಮತ್ತೆ? ಮುರಿದ್ಮೇಲೆ ಫೋನ್ ಮಾಡು.” ನಾನೇ ನಕ್ಕೆ. “ಶೂ ಬಂತಾ? ಆ ವಿಮೆ ತೆಗೆಸಿದ ದುಡ್ಡಲ್ಲೇ ಕಣೋ ತಗೊಂಡಿದ್ದು. ನಿಮ್ಮಮ್ಮ ಹೆಂಗೆ?”

“ಬಂತಮ್ಮ. ಸರಿಯಾಗಿ ಹಿಡಿಸುತ್ತೆ,” ಎಂದ. “ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ಊರಲ್ಲೇ ತೋರಿಸ್ತೀನಿ ಬಿಡು.”

ನವೆಂಬರ್ ಕೊನೆಯ ಆ ಹಬ್ಬಕ್ಕೆ ಹನ್ನೊಂದು ವಾರವಿತ್ತು. ಆಮೇಲೆ ಫೋನ್ ಮಾಡಿದಾಗಲೆಲ್ಲ ಮೊಣಕಾಲಿನ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಲಿಲ್ಲ ಎನ್ನುವುದನ್ನು ಎಷ್ಟು ತಿರುವಿ ಹೇಳಿದರೂ ಅದು ಅದೇ.

ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಕಾಲೇಜಿನ ಫುಟ್‌ಬಾಲ್ ತಂಡದ ಕೊನೆಯ ಪಂದ್ಯ, ನಡುವಿನ ಬಿಡುವಿನಲ್ಲಿ ಮೈದಾನದಲ್ಲಿ ಬ್ಯಾಂಡಿನ ಮೆರವಣಿಗೆ. ನಾನು ಮನೆಯಲ್ಲಿ ಟೀವಿ ಹಚ್ಚಿಕೊಂಡು, ಬ್ಯಾಂಡನ್ನು ಒಂದು ಕ್ಷಣವಾದರೂ ತೋರಿಸುತ್ತಾರೇನೋ ಎಂದು ಕಾಯುತ್ತಿದ್ದೆ. ತೋರಿಸಲಿಲ್ಲ. ಫೋನು ಬಂತು, ಯಾರೋ ಅಪರಿಚಿತ ಹುಡುಗಿ, ಬ್ಯಾಂಡಿನವಳಂತೆ, ಅಳುತ್ತಿದ್ದಳು. ಮೈದಾನದ ನಡುವೆ ಡಾಸನ್ ಕಾಲೆತ್ತಿ ಊರಿದ್ದಾನೆ, ತೊಡೆಯ ಮೂಳೆ ಮೊಣಕಾಲಿನ ಮೇಲೆ ಲಟಕ್ಕನೆ ಮುರಿದಿದೆ. ಯಾರೂ ತಳ್ಳಿರಲಿಲ್ಲ, ಎಡವಿರಲಿಲ್ಲ. ಸೂಸಫೋನ್ ಅವನ ಮೈಮೇಲೇ ಬಿದ್ದಿತ್ತು.

ಅದು ತುರ್ತು. ಈಗ ನನ್ನ ಕಾರ್ಡು ಚೆನ್ನಾಗಿ ನಡೆಯಿತು. ಕಾಲೇಜಿನ ಊರಿನ ಆಸ್ಪತ್ರೆಯ ಬಿಲ್ಲಿನ ಕಿಟಕಿಯಲ್ಲಿದ್ದ ಹೆಂಗಸು ಅದನ್ನು ತಿರುಗಿಸಿ ನೋಡಿ, “ತೊಂದರೆ ಇಲ್ಲಮ್ಮ, ಎಲ್ಲಾ ಆಗುತ್ತೆ,” ಎಂದು ನಕ್ಕಳು. ಅವಳ ಮುಖಕ್ಕೆ ಹೊಡೆಯಬೇಕೆನಿಸಿತು.

ಮೂಳೆಯೊಳಗೆ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಅದು ತಿಂದು ಟೊಳ್ಳು ಮಾಡಿದ ಕಡೆಯೇ ಮೂಳೆ ಮುರಿದದ್ದು. ಶಸ್ತ್ರವೈದ್ಯೆ ಸಣ್ಣ ಹೆಂಗಸು, ನನ್ನ ಮಗನ ವಯಸ್ಸಿನವಳ ಹಾಗೆ ಕಾಣುತ್ತಿದ್ದಳು. ಮೂಳೆ ಮುರಿದಾಗ ಗಡ್ಡೆ ಸುತ್ತಲಿನ ಮಾಂಸಕ್ಕೆಲ್ಲ ಚೆಲ್ಲಿದೆ, ಮೊದಲು ಔಷಧಿ ಏರಿಸುತ್ತೇವೆ, ಆಮೇಲೆ ಕಾಲು ತೆಗೆಯಬೇಕಾಗುತ್ತದೆ ಎಂದಳು.

“ಮುರಿಯೋಕೆ ಮೊದ್ಲೇ ಬಂದಿದ್ರೆ?” ಎಂದು ಕೇಳಿದೆ.

“ಬಹುಶಃ ಮೂಳೆ ಬದಲಾಯಿಸಿ ಕಾಲು ಉಳಿಸಬಹುದಿತ್ತು,” ಎಂದಳು. ಡಾಸನ್ ಕಡೆ ತಿರುಗಿ, “ನೋವು ಎಷ್ಟು ದಿನದಿಂದ ಇತ್ತಪ್ಪ?” ಎಂದಳು.

ಅವನು ನನ್ನನ್ನು ನೋಡಲಿಲ್ಲ. “ಎರಡು ವಾರ ಇರಬಹುದು,” ಎಂದ.

ವೈದ್ಯೆ ಎರಡು ವಾರ ಎಂದು ಬರೆದುಕೊಂಡಳು. ಫೆಬ್ರವರಿಯಲ್ಲಿ ಅವನ ಎಡಗಾಲನ್ನು ತೊಡೆಯ ಮಧ್ಯಕ್ಕೆ ತೆಗೆದರು.

ಮತ್ತೆ ಆಗಸ್ಟ್ ಬಂತು. ಡಾಸನ್ ಮನೆಯಲ್ಲೇ ಇದ್ದಾನೆ, ಕಾಲೇಜು ಬಿಟ್ಟ. ಔಷಧಿಯ ಸುತ್ತುಗಳು ಮುಗಿದಿವೆ, ಕೂದಲು ಕೋಳಿಮರಿಯ ಪುಕ್ಕದ ಹಾಗೆ ಈಗಷ್ಟೇ ಬರುತ್ತಿದೆ. ಗಡ್ಡೆ ಶ್ವಾಸಕೋಶಕ್ಕೆ ಹೋಗಿಲ್ಲ ಎಂದು ಮೂರು ತಿಂಗಳಿಗೊಮ್ಮೆ ಹೇಳುತ್ತಾರೆ, ಮುಂದಿನ ಮೂರು ತಿಂಗಳಿಗೆ ಮತ್ತೆ ಹೆದರಬೇಕು. ಅವನು ಇಡೀ ದಿನ ಸೋಫಾದಲ್ಲಿ ಬಿದ್ದಿರುತ್ತಾನೆ. ಇಷ್ಟು ತಿಂಗಳಲ್ಲಿ ನನ್ನ ಎದೆಯಲ್ಲಿ ಕಲ್ಲಿನಂತೆ ಕುಳಿತದ್ದು ಒಂದೇ. ಅವನಿಗೆ ಆ ನಾಲ್ಕನೆಯ ಪ್ರಶ್ನೆ ಗೊತ್ತಿಲ್ಲ. ಕಾರ್ಡು ಅಲ್ಲಿ ನಡೆಯುತ್ತಿರಲಿಲ್ಲ, ಅಷ್ಟೇ, ಯಾರ ತಪ್ಪೂ ಅಲ್ಲ ಎಂದುಕೊಂಡಿದ್ದಾನೆ. ಗೊತ್ತಾದರೆ ನನ್ನ ಮುಖ ನೋಡುತ್ತಾನೆಯೇ? ನಾನಾಗಿದ್ದರೆ ನೋಡುತ್ತಿರಲಿಲ್ಲ.

ಶನಿವಾರ ರೋಂಡಾ ಬಂದಳು, ಕೈಯಲ್ಲಿ ಬೀನ್ಸ್ ಹಾಕಿ ಬೇಯಿಸಿದ ಹಂದಿಮಾಂಸದ ಪಾತ್ರೆ, ಕಂಕುಳಲ್ಲಿ ಕಂಪ್ಯೂಟರ್. ಎರಡೆರಡು ಸಲ ಡಾಸನ್‌ನ ತಲೆ ಸವರಿದಳು. ಆಮೇಲೆ ಅಡಿಗೆಮನೆಯಲ್ಲಿ ಮೇಜಿನ ಎದುರು ಕೂತು ಹೇಳಲೋ ಬೇಡವೋ ಎನ್ನುವ ಹಾಗೆ ಅಂಗಿಯ ಅಂಚನ್ನೇ ತಿರುಚಿದಳು.

“ನಡೀನ್, ಈ ಸಲ ನನ್ನ ಗಂಡನಿಗೂ ಓವರ್‌ಟೈಮ್ ಇಲ್ಲ. ಕೆಯ್ಲಿದು ಆ ವಿಮೆ ತೆಗೆಸೋಣ ಅಂತ. ನೀನು ಹೋದ ವರ್ಷ ಕೇಳಿದ್ರೆ ತೆಗೆಸಿಕೊಡ್ತಿದ್ದೆ ಅಂದಿದ್ಯಲ್ಲ. ಹೇಗೂ ಡಾಸನ್‌ಗೆ ಆಸ್ಪತ್ರೆಯಲ್ಲಿ ನಿನ್ನ ಕಾರ್ಡೇ ಎಲ್ಲಾ ನೋಡ್ಕೊಳ್ತು ಅಲ್ವಾ?”

ಕಂಪ್ಯೂಟರ್ ತೆರೆದೆ. ಹೌದು, ಹೌದು, ಹೌದು. ನಾಲ್ಕನೆಯದು ಅದೇ ಅಕ್ಷರಗಳಲ್ಲಿ ಅಲ್ಲೇ ಕೂತಿತ್ತು. ಸೋಫಾ ಇರುವುದು ಹತ್ತು ಹೆಜ್ಜೆ ದೂರ, ನಡುವೆ ಬಾಗಿಲೂ ಇಲ್ಲ. ಪಿಸುಗುಟ್ಟಬಹುದಿತ್ತು. ಪಿಸುಗುಟ್ಟಿ ಪಿಸುಗುಟ್ಟಿ ಸಾಕಾಗಿತ್ತು ನನಗೆ.

“ನಾನು ಇಲ್ಲಿ ಸುಳ್ಳು ಹೇಳಿದೆ ರೋಂಡಾ,” ಎಂದೆ, ಬಸ್ಸಿನ ಹಿಂದಿನ ಸೀಟಿಗೆ ಕೇಳುವಷ್ಟು ಗಟ್ಟಿಯಾಗಿ. “ಇದಕ್ಕೆ ಹೌದು ಅಂತ ಒತ್ತಿದೆ. ಇಲ್ಲ ಅಂದಿದ್ರೆ ಅವನಿಗೂ ನಿನ್ನ ಮಗಳ ಹಾಗೆ ಅಲ್ಲೇ ಎಕ್ಸ್‌ರೇ ಆಗ್ತಿತ್ತು. ಸೆಪ್ಟೆಂಬರಲ್ಲೇ. ಕಾಲು ಇರ್ತಿತ್ತು. ಅದನ್ನ ತೆಗೆದವಳು ನಾನೇ.”

ರೋಂಡಾ ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಪರವಾಗಿ ನಾನೇ ‘ಇಲ್ಲ’ ಎಂದು ಒತ್ತಿದೆ. ನಿಮ್ಮ ಕೋರಿಕೆ ತಿರಸ್ಕೃತವಾಗಿದೆ, ಶುಲ್ಕ ಕಟ್ಟತಕ್ಕದ್ದು ಎಂದು ಬಂತು. ಅವಳು ಕಂಪ್ಯೂಟರ್ ಮುಚ್ಚಿ, ನನ್ನ ಬೆನ್ನು ತಟ್ಟಿ, ಡಾಸನ್ ಕಡೆ ಕಣ್ಣೆತ್ತದೆ ಹೊರಟುಹೋದಳು.

ನಾನು ಸೋಫಾದ ಬಳಿ ಹೋಗಿ ನಿಂತೆ. ಅವನು ಟೀವಿಯ ಸದ್ದು ಕಡಿಮೆ ಮಾಡಿದ.

“ನಂಗೆ ಗೊತ್ತಿತ್ತಮ್ಮ.”

“ಏನು ಗೊತ್ತಿತ್ತು?”

“ನೀನು ಒತ್ತಿದ ದಿನಾನೇ ನಂಗೆ ಮೇಲ್ ಬಂತು. ನಾಲ್ಕೂ ಪ್ರಶ್ನೆ, ನಾಲ್ಕೂ ಉತ್ತರ, ಕೆಳಗೆ ನನ್ನ ಸಹಿ. ತಪ್ಪಿದ್ರೆ ಸೆಪ್ಟೆಂಬರ್ ಹನ್ನೆರಡರ ಒಳಗೆ ತಿದ್ದಬಹುದು ಅಂತ ಬರೆದಿದ್ರು.”

“ಮತ್ತೆ ಯಾಕೋ ತಿದ್ದಲಿಲ್ಲ? ಯಾಕೋ ರಾಜಾ?” ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ತಿದ್ಬಿಡ್ಲಾ ಅಂತ ಕೇಳೋಕೇ ಫೋನ್ ಮಾಡಿದ್ದೆ,” ಎಂದ. “ಒಂಬತ್ತನೇ ತಾರೀಕು. ನೀನು ಶೂ ವಿಷ್ಯ ಹೇಳ್ದೆ. ನೀನು ತುಂಬಾ ಖುಷಿಯಾಗಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು. ಊರುಗೋಲನ್ನು ಎತ್ತಿ ಎಸೆದಿದ್ದರೂ ಚೆನ್ನಾಗಿತ್ತು. ಹೊರಗೆ ಹೈಸ್ಕೂಲ್ ಮೈದಾನದಲ್ಲಿ ಹೊಸ ಶಾಲಾ ವರ್ಷದ ಬ್ಯಾಂಡಿನ ಅಭ್ಯಾಸ ಶುರುವಾಯಿತು, ಮೊದಲು ಡ್ರಮ್ಮು, ಆಮೇಲೆ ದೊಡ್ಡ ಕಹಳೆಗಳು. ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡ.

“ಕಿಟಕಿ ಹಾಕಮ್ಮ,” ಎಂದ.

ಹೋಗಿ ಹಾಕಿದೆ.