‘ಸಿ’ ಬಿಟ್ಟ ಮೇಸ್ತ್ರಿ

ತಗಡಿನ ಕೋಣೆಯಲ್ಲಿ ಎಂಟು ಜನಕ್ಕೆ ನಾಲ್ಕು ಮಂಚ. ಹಗಲು ಪಾಳಿಯವನು ಎದ್ದ ಹಾಸಿಗೆಯ ಬಿಸಿ ಆರುವ ಮೊದಲೇ ರಾತ್ರಿ ಪಾಳಿಯವನು ಬಂದು ಬೀಳುತ್ತಿದ್ದ. ಪರದೇಶಕ್ಕೆ ಬಂದ ಗಾರೆ ಮೇಸ್ತ್ರಿ ಹನ್ನೊಂದು ವರ್ಷ ಮಲಗಿದ್ದು ಹೀಗೇ. ಹಗಲೆಲ್ಲ ಕಂಡವರಿಗೆ ಮನೆ ಕಟ್ಟುವುದು, ಸಂಜೆ ಇನ್ನೊಬ್ಬನ ಬೆವರಿನ ಮೇಲೆ ಮೈ ಚಾಚುವುದು. ಹೆಂಡತಿ ಹೋಟೆಲೊಂದರಲ್ಲಿ ಬಟ್ಟೆ ಒಗೆಯುತ್ತ ಅಲ್ಲೇ ಹೆಂಗಸರ ಕೋಣೆಯಲ್ಲಿದ್ದಳು. ಇಬ್ಬರೂ ಸೇರುವುದು ವಾರಕ್ಕೊಮ್ಮೆ, ಬಸ್ ನಿಲ್ದಾಣದ ಬೆಂಚಿನ ಮೇಲೆ.

“ನಾವು ಸಂಸಾರ ಮಾಡ್ತಿದೀವಾ, ಬಸ್ ಕಾಯ್ತಿದೀವಾ?” ಎಂದು ಅವಳು ಒಮ್ಮೆ ಕೇಳಿದಳು. ಆ ಮಾತಿಗೇ ಮೇಸ್ತ್ರಿ ಜಾಗ ಕೊಂಡ.

ಕೊಡಿಸಿದವನು ಅವನಿಗೆ ಕೆಲಸ ಕೊಡುವ ಕಂಟ್ರಾಕ್ಟರ್. ನಮ್ಮದೇ ಭಾಷೆಯವನು, ಹೆಗಲ ಮೇಲೆ ಕೈ ಹಾಕಿ ಮಾತಾಡುವವನು.

“ಹೊರಗಿನೋರಿಗೆ ಇಲ್ಲಿ ಬರೀ ಜಾಗ ಬರ್ಕೊಡಲ್ಲ ಅಣ್ಣ. ಸದ್ಯಕ್ಕೆ ನನ್ನ ಹೆಸರಲ್ಲಿರ್ಲಿ. ಮನೆ ಎದ್ದ ಮೇಲೆ ಸರ್ಕಾರದೋರೇ ಕಟ್ಟಿಸಿದೋರ ಹೆಸರಿಗೆ ಮಾಡ್ತಾರೆ.”

ಕೂಡಿಟ್ಟದ್ದೆಲ್ಲ, ಹೆಂಡತಿಯ ಬಳೆ ಸಮೇತ, ಕಂಟ್ರಾಕ್ಟರ್ ಕೈ ಸೇರಿತು. “ನಮ್ಮೋನ ಹತ್ರ ರಸೀದಿ ಕೇಳೋದಾ? ನಾಚಿಕೆ ಆಗ್ಬೇಕು” ಎಂದು ಹೆಂಡತಿಯನ್ನು ಗದರಿದವನು ಬೇರೆ ಯಾರೂ ಅಲ್ಲ, ಈ ಮಹಾನುಭಾವ ಮೇಸ್ತ್ರಿಯೇ.

ಎರಡು ವರ್ಷ, ರಜೆಯ ದಿನಗಳಲ್ಲಿ, ಒಬ್ಬನೇ ಕಟ್ಟಿದ. ತೂಗುಗುಂಡು ಬಿಟ್ಟು ನೋಡಿದರೆ ಗೋಡೆ ಕೂದಲೆಳೆಯಷ್ಟೂ ವಾಲಿರಲಿಲ್ಲ. ಮನುಷ್ಯ ವಾಲಿದ್ದರೆ ಗುಂಡು ಎಲ್ಲಿ ಬಿಡಬೇಕೋ, ಅದು ಅವನಿಗೆ ಗೊತ್ತಿರಲಿಲ್ಲ.

ಹೆಸರು ಬರೆಸುವ ದಿನ ಇಸ್ತ್ರಿ ಅಂಗಿ ತೊಟ್ಟು ಕಚೇರಿಗೆ ಹೋದ. ಅಧಿಕಾರಿಯ ಭಾಷೆ ಬಾರದು. ಕಂಟ್ರಾಕ್ಟರೇ ಕೇಳಿ ಹೇಳಿದ.

“ಅಣ್ಣ, ಸಾಹೇಬ್ರು ಕೇಳ್ತಿದಾರೆ, ಈ ಮನೆ ಕಟ್ಟಿದ್ದು ಯಾರು ಅಂತ.”

ಮೇಸ್ತ್ರಿಯ ಎದೆ ಉಬ್ಬಿತು. “ನಾನೇ ಕಟ್ಟಿದ್ದು! ಒಂದೊಂದು ಇಟ್ಟಿಗೆನೂ ನಾನೇ ಇಟ್ಟಿದ್ದು. ಬೇಕಾದ್ರೆ ಕೈ ನೋಡಿ ಅನ್ನು!” ಎಂದು ಎರಡೂ ಅಂಗೈಯನ್ನು ಮೇಜಿನ ಮೇಲೆ ಹರಡಿದ.

ಅಧಿಕಾರಿ ತಲೆದೂಗಿ ಬರೆದುಕೊಂಡ. ಇನ್ನೊಂದು ಪ್ರಶ್ನೆ ಕೇಳಿದ. ಅದಕ್ಕೆ ಕಂಟ್ರಾಕ್ಟರ್ ತಾನೇ ಉತ್ತರ ಕೊಟ್ಟ. ಮೇಸ್ತ್ರಿ ನಗುನಗುತ್ತ ಸಹಿ ಹಾಕಿ, ಹೊರಗೆ ಬಂದು ಕಂಟ್ರಾಕ್ಟರನಿಗೆ ಕೈ ಬೇರೆ ಮುಗಿದ.

ಮೂರನೇ ದಿನ ಆ ಮನೆಗೆ ಬೇರೆ ಯಾರದೋ ಮಂಚ, ಬೀರು ಬಂದಿಳಿದವು. ಮೇಸ್ತ್ರಿ ಕಚೇರಿಯಲ್ಲಿ ಕೊಟ್ಟ ಕಾಗದ ಹಿಡಿದು ಹೋಟೆಲಿಗೆ ಓಡಿದ. ಬಟ್ಟೆಯ ಚೀಟಿ ಓದುತ್ತ ಓದುತ್ತ ಹೆಂಡತಿ ಅಲ್ಲಿಯ ಅಕ್ಷರ ಕಲಿತಿದ್ದಳು.

“ಕಟ್ಟಿದ ಕೆಲಸಗಾರ, ನೀವು. ಕಟ್ಟಿಸಿದ ಮಾಲೀಕ, ಅವನು.”

“ಅವನು ಕಟ್ಟಿದ್ದು ಯಾರು ಅಂತಲೇ ಕೇಳಿದ ಕಣೇ...”

“ಒಂದು ‘ಸಿ’ ಸೇರಿಸೋಕೆ ನಿಮ್ಮ ಬಾಯಿಗೇನಾಗಿತ್ರೀ? ಕೈ ತೋರಿಸಿದ್ರಂತೆ ಕೈ! ಅವನು ನಿಮಗೆ ಕೈ ಕೊಟ್ಟ.” ಹೇಳುತ್ತಲೇ ಒದ್ದೆ ಚಾದರದಲ್ಲಿ ಮುಖ ಮುಚ್ಚಿಕೊಂಡಳು.

ಪಾಳಿ ಬದಲಾಗುವ ಹೊತ್ತು. ಕೋಣೆಯಲ್ಲಿ ಎಂಟೂ ಜನ ಇದ್ದರು. ಮೇಸ್ತ್ರಿ ಕಚೇರಿಯ ಕಥೆಯನ್ನು ಅಂಗೈ ಹರಡಿ ಆಡಿ ತೋರಿಸಿದ. ನಕ್ಕುಬಿಡಲಿ, ಮುಗಿದುಹೋಗಲಿ ಅಂದುಕೊಂಡ. ಯಾರೂ ನಗಲಿಲ್ಲ. ಟೈಲ್ಸ್ ಹಾಕುವವನು ಹಾಸಿಗೆಯಡಿಯಿಂದ ಒಂದು ಕಾಗದ ತೆಗೆದ. ಬಡಗಿ ಪೆಟ್ಟಿಗೆ ಬಿಚ್ಚಿದ. ಅದೇ ಕಾಗದ, ಅದೇ ಮುದ್ರೆ, ಮಾಲೀಕನೂ ಅದೇ ಕಂಟ್ರಾಕ್ಟರ್. ನಾಚಿಕೆಗೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

“ಥೂ ನಿಮ್ಮ! ಇಷ್ಟು ದೊಡ್ಡ ದಡ್ಡ ನಾನೊಬ್ಬನೇ ಅಂದ್ಕೊಂಡಿದ್ದೆ. ಅದರಲ್ಲೂ ಪಾಲಿಗೆ ಬಂದ್ರಲ್ರೋ!” ಎಂದ ಮೇಸ್ತ್ರಿ. ಆಗ ನಕ್ಕರು. ನಕ್ಕು, ಬಹಳ ಹೊತ್ತು ಕೂತು ಮಾತಾಡಿದರು.

ಬೆಳಿಗ್ಗೆ ಕಂಟ್ರಾಕ್ಟರನ ಸ್ವಂತ ಮನೆಯ ಕೆಲಸ. ಸಿಮೆಂಟು ಕಲಸಿಟ್ಟು ಎಂಟೂ ಜನ ಕೈ ಕಟ್ಟಿ ಕೂತರು. ಕಂಟ್ರಾಕ್ಟರ್ ಕಾರಿನಿಂದ ಇಳಿದ.

“ಏನಣ್ಣ ಇದು? ಗಟ್ಟಿಯಾಗ್ತಿದೆ, ಕಟ್ಟಲ್ವಾ? ನಾನಿಲ್ಲಿ ಮನೆ ಕಟ್ಟಿಸ್ಬೇಕು!”

ಮೇಸ್ತ್ರಿ ಎದ್ದು ಕರಣೆಯನ್ನು ಅವನ ಬೂಟಿನ ಮುಂದಿಟ್ಟ.

“ಈ ಸಲ ‘ಸಿ’ ನೀನು ಬಿಡು ತಮ್ಮ. ಕಟ್ಟು.”