ಎರಡರಿಂದ ಮೂರಕ್ಕೆ

"ಯಾಕಿಂಗೆ ಒದೀತದೆ ಇದು?"

ಕಾರಿನಲ್ಲಿ ಮಂಜುಶ್ರೀ ಒಬ್ಬಳೇ ಇದ್ದಳು. ಬೆಸಗರಹಳ್ಳಿ ಬಿಟ್ಟು ಕಬ್ಬಿನ ಗದ್ದೆಗಳ ನಡುವಿನ ರಸ್ತೆಗೆ ಬಂದಿದ್ದಳಷ್ಟೆ. ಗಾಡಿ ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗಬೇಕಾದ ಕಡೆ ಎಂಜಿನ್ನು ಬರಿದೆ ಕೂಗಿಕೊಂಡಿತು, ವೇಗ ಮಾತ್ರ ಏರಲಿಲ್ಲ. ಮರುಕ್ಷಣ, ಹಿಂದಿನಿಂದ ಯಾರೋ ಸೀಟಿಗೆ ಒದ್ದ ಹಾಗೆ, ಗಾಡಿ ಧಡ್ಡೆಂದು ಮುಂದಕ್ಕೆ ನೆಗೆಯಿತು. ಎಡಗಾಲಿಗೆ ಕಟ್ಟಿದ್ದ ಕಬ್ಬಿಣದ ಪಟ್ಟಿ ಬಾಗಿಲಿಗೆ ಬಡಿದು ಸದ್ದು ಮಾಡಿತು.

ಆ ಕಾಲು ಮೂರು ವರ್ಷದ ಮಗುವಾಗಿದ್ದಾಗಲೇ ಪೋಲಿಯೊದಲ್ಲಿ ಹೋಗಿತ್ತು. ಕ್ಲಚ್ಚು ತುಳಿಯುವ ಗಾಡಿ ಅವಳಿಗೆ ಆಗದು. ತಾನೇ ಗೇರು ಬದಲಿಸಿಕೊಳ್ಳುವ ಈ ಹಳೆಯ ಆಟೋಮ್ಯಾಟಿಕ್ಕನ್ನು ಹುಡುಕಿಸಿ ತೆಗೆದುಕೊಂಡ ಮೇಲೆಯೇ ಅವಳು ಮಳವಳ್ಳಿಯ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಒಬ್ಬಳೇ ಹೋಗಿ ಒಬ್ಬಳೇ ಬರುವಂತಾದದ್ದು. ಅದರ ಸದ್ದು ಅವಳಿಗೆ ಕಂಠಪಾಠ. ಅಪ್ಪ ದೀಪ ಹಚ್ಚಿದ ಮೇಲೆ ಷಟ್ಪದಿ ಓದುತ್ತಿದ್ದ ಮನೆಯಲ್ಲಿ ಬೆಳೆದವಳು ಅವಳು. ಅರ್ಥ ತಿಳಿಯದ ವಯಸ್ಸಿನಲ್ಲೂ ಎಲ್ಲಿ ಒಂದು ಮಾತ್ರೆ ತಪ್ಪಿತು ಎಂದು ಕಿವಿಗೆ ತಿಳಿಯುತ್ತಿತ್ತು. ಮೊನ್ನೆಯವರೆಗೆ ಒಂದು, ಎರಡು, ಮೂರು ಎಂದು ಉಸಿರು ಬಿಟ್ಟಷ್ಟು ಸಲೀಸಾಗಿ ಏರುತ್ತಿದ್ದ ಗಾಡಿ ಇವತ್ತು ನಡುವೆ ಮುಗ್ಗರಿಸುತ್ತಿತ್ತು. ಮತ್ತೊಮ್ಮೆ ನಿಧಾನ ಮಾಡಿ, ಮತ್ತೊಮ್ಮೆ ವೇಗ ಏರಿಸಿ ಕೇಳಿದಳು. ಅದೇ ಜಾಗದಲ್ಲಿ ಅದೇ ಕೂಗು, ಅದೇ ಒದೆತ.

ಭಾನುವಾರ ಗಾಡಿ ತೆಗೆದುಕೊಂಡು ಹೋಗಿದ್ದವನು ತಮ್ಮ ಯತೀಶ್. ಯಾರದೋ ಬೀಗರೂಟ ಎಂದಿದ್ದ. ಬೆಲ್ಲ, ಸೈಟು, ಹಳೆಯ ಗಾಡಿ, ಯಾವುದರಲ್ಲಿ ಕಮಿಷನ್ ಸಿಕ್ಕಿದರೆ ಅದು ಅವನ ಕಸುಬು. ರಸ್ತೆ ಬದಿಗೆ ನಿಲ್ಲಿಸಿ ಅವನಿಗೆ ಫೋನು ಮಾಡೋಣವೆಂದು ಕೈ ಇಳಿಸಿದಾಗ ಬಾಗಿಲ ಖಾನೆಯಲ್ಲಿ ಒಂದು ನೀರಿನ ಬಾಟಲಿ ಸಿಕ್ಕಿತು. ಮುಚ್ಚಳವಿಲ್ಲದ ಬಾಟಲಿ. ಅರ್ಧದವರೆಗೆ ಅಡಿಕೆ ಹೊಗೆಸೊಪ್ಪಿನ ಉಗುಳು. ಗಾಡಿ ಒದ್ದಾಗ ತುಳುಕಿ ಖಾನೆಯಲ್ಲಿಟ್ಟಿದ್ದ ದೇವರ ಕುಂಕುಮದ ಪೊಟ್ಟಣ ನೆನೆದುಹೋಗಿತ್ತು.

ದಿನ ಬೆಳಗಾದರೆ ಊರ ಜನರ ಕಫ, ಮಲ, ಮೂತ್ರ ಮುಟ್ಟುವ ಕೈ ಅವಳದು. ಅದರ ಮೇಲೆ ಅವಳಿಗೆ ಯಾವತ್ತೂ ಹೇಸಿಗೆ ಹುಟ್ಟಿರಲಿಲ್ಲ. ಅದು ಕಾಯಿಲೆ, ಪಾಪ, ಅವರದೇನು ತಪ್ಪು. ಈ ಬಾಟಲಿಯನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಮೋರಿಗೆ ಎಸೆದು, ಕುಡಿಯಲು ತಂದಿದ್ದ ನೀರನ್ನೆಲ್ಲ ಆ ಬೆರಳುಗಳ ಮೇಲೆ ಸುರಿದುಕೊಂಡಳು.

ಫೋನಿನಲ್ಲಿ ಯತೀಶ್ ನಕ್ಕ. "ಗಾಡಿ ಅಂದ್ಮೇಲೆ ಒದೀದೆ ಇರ್ತದಾ? ಸಿದ್ದರಾಮು ಸೆಡ್ಗೆ ಬುಡು. ನಾನೂ ಬತ್ತೀನಿ."

ಮದ್ದೂರಿನ ಹಳೆಯ ರಸ್ತೆಯಲ್ಲಿತ್ತು ಆ ತಗಡಿನ ಚಾವಣಿಯ ಗ್ಯಾರೇಜು. ಮೆಕ್ಯಾನಿಕ್ಕು ಸಿದ್ದರಾಮು ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದ. ಎಂಜಿನ್ನು ಆರಿಸದೆ ಬಾನೆಟ್ಟು ಎತ್ತಿ, ಗೇರಿನ ಎಣ್ಣೆ ಅಳೆಯುವ ಉದ್ದನೆ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿದ. ಬೆರಳುಗಳ ನಡುವೆ ಉಜ್ಜಿದ, ಮೂಸಿದ, ಆಮೇಲೆ ಬಟ್ಟೆಯನ್ನೇ ಅವಳ ಮುಂದೆ ಹಿಡಿದ.

"ಇದು ಕೆಂಪಗಿರ್ಬೇಕು ಮೇಡಂ. ರಕ್ತದಂಗೆ."

ಬಟ್ಟೆಯ ಮೇಲಿದ್ದದ್ದು ಕಪ್ಪು. ಸ್ಲೈಡಿನ ಮೇಲೆ ಹರಡಿದ್ದನ್ನು ನೋಡುವ ಹಾಗೆ ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಕಪ್ಪಿನಲ್ಲಿ ನುಣ್ಣನೆಯ ಮರಳಿನಂಥದು. ವಾಸನೆ ಸೀದದ್ದು, ಸೀದ ಅನ್ನದ್ದಲ್ಲ, ಕೂದಲು ಸುಟ್ಟಂಥದು. ಮೂಗಿಗೆ ಹತ್ತಿದ್ದು ಬಿಡಲಿಲ್ಲ.

"ಇನ್ನೇನಾದ್ರೂ ಇರಬಹುದಲ್ವಾ? ಸ್ವಿಚ್ಚೋ, ವೈರೋ?"

"ಅದನ್ನೂ ನೋಡಾನ." ಸಿದ್ದರಾಮು ಒಂದು ಪುಟ್ಟ ಯಂತ್ರವನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿ ನೋಡಿದ. ವೈರುಗಳನ್ನು ತಡವಿ ನೋಡಿದ. ಎಂಜಿನ್ನು ಕೂತ ರಬ್ಬರುಗಳನ್ನು ಅಲ್ಲಾಡಿಸಿ ನೋಡಿದ. ಅವೆಲ್ಲ ಸರಿಯಾಗಿದ್ದವು. ಕಡೆಗೆ ಗಾಡಿಯನ್ನು ಎತ್ತಿ ನಿಲ್ಲಿಸಿ, ಕೆಳಗೆ ಬಾಂಡ್ಲಿ ಇಟ್ಟು, ಗೇರಿನ ಪೆಟ್ಟಿಗೆಯ ತಳದ ತಟ್ಟೆ ಬಿಚ್ಚಿದ. ಕಪ್ಪು ಎಣ್ಣೆ ಬಾಂಡ್ಲಿಗೆ ಸುರಿಯಿತು. ತಟ್ಟೆಯೊಳಗಿನ ಆಯಸ್ಕಾಂತಕ್ಕೆ ಕಬ್ಬಿಣದ ಚೂರು ಮುಳ್ಳುಮುಳ್ಳಾಗಿ ಮೆತ್ತಿಕೊಂಡಿತ್ತು.

"ಒಳಗಿನ ಪ್ಲೇಟುಗಳು ಉರ್ದೋಗವೆ. ಮೂರ್ನೇದನ್ನ ಇಡ್ಕಳಾಕೆ ಆಯ್ತಿಲ್ಲ, ಜಾರ್ತದೆ. ಜಾರಿ ಜಾರಿ ಒಂದೇ ಸಲ ಇಡ್ಕತದಲ್ಲ, ಅದೇ ಒದೆತ." ಕೈ ಒರೆಸಿಕೊಳ್ಳುತ್ತ ಕೇಳಿದ: "ಇದ್ಕೆ ಅಗ್ಗ ಕಟ್ಟಿ ಏನಾದ್ರೂ ಎಳ್ಸಿದ್ರಾ?"

"ನಾನ್ಯಾಕೆ ಎಳೆಸಲಿ."

ಅಷ್ಟರಲ್ಲಿ ಯತೀಶನ ಬೈಕು ಬಂದು ನಿಂತಿತು. ಬಾಂಡ್ಲಿಯೊಳಕ್ಕೆ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡ. "ಥತ್. ಏನ್ಲಾ ಇದು, ಚರಂಡಿ ಇದ್ದಂಗದೆ."

"ಅಗ್ಗ ಕಟ್ಟಿ ಏನ್ ಎಳ್ದೆ ಇದ್ರಲ್ಲಿ?" ಮಂಜುಶ್ರೀ ಕೇಳಿದಳು.

ಅವನಿಗೆ ನಾಚಿಕೆಯಾಗಬಹುದೆಂದು ಅವಳು ಕಾದಳು. ಅವನು ಬಾಯಲ್ಲಿದ್ದದ್ದನ್ನು ಕೆನ್ನೆಗೆ ಸರಿಸಿಕೊಂಡು ನಕ್ಕ. "ಓ, ಅದಾ. ಬೀಗರೂಟ ಮುಗುಸ್ಕೊಂಡು ಬತ್ತಿದ್ನಾ, ಆಲೆಮನೆ ತಾವ ಬೆಲ್ಲದ ಟೆಂಪೊ ಕೆಸರ್ಗೆ ಇಳ್ದಿತ್ತು. ಟ್ರ್ಯಾಕ್ಟರ್ ಸಿಕ್ನಿಲ್ಲ. ಕಟ್ಟಿ ಎಳ್ದೆ. ಏನ್ ಎಳೀತದೆ ಕಣಕ್ಕ ನಿನ್ ಗಾಡಿ, ಎತ್ತು ಎಳ್ದಂಗೆ. ಹೊಗೆ ಬಂತು, ಆದ್ರೂ ಬುಡ್ಲಿಲ್ಲ."

"ಹೊಗೆ ಬಂದ್ಮೇಲೂ?"

"ಅರ್ಧ ಮೇಲಕ್ಕೆ ಬಂದಿತ್ತಲ್ಲ, ಅಲ್ಲೇ ಬುಟ್ಬುಡಾಕಾಯ್ತದಾ? ಮರ್ವಾದೆ ಪ್ರಶ್ನೆ."

ಯಾರ ಮರ್ಯಾದೆ ಎಂದು ಅವಳು ಕೇಳಲಿಲ್ಲ. ನಕ್ಕಾಗ ಅವನ ಹಲ್ಲಿನ ಸಂದಿಯಲ್ಲಿ ಕೆಂಪು ರಸ ಕಂಡಿತು. ಸಣ್ಣವನಿದ್ದಾಗ ಅವಳ ತೊಡೆಯ ಮೇಲೆ ಮಲಗಿ ಅಪ್ಪನ ಪದ್ಯ ಕೇಳುತ್ತ ನಿದ್ದೆ ಹೋಗುತ್ತಿದ್ದ ಬಾಯಿ ಅದು. ಅವಳು ಮುಖ ತಿರುಗಿಸಿ ಸಿದ್ದರಾಮುವನ್ನು ರಿಪೇರಿಯ ಬಗ್ಗೆ ಕೇಳಿದಳು.

"ಪೆಟ್ಟಿಗೆ ಪೂರಾ ಬಿಚ್ಬೇಕು. ಈ ಮಾಡ್ಲು ನಿಂತೋಗಿ ಸುಮಾರು ವರ್ಸ ಆಯ್ತು, ಸಾಮಾನು ಸಿಕ್ಕಾಕಿಲ್ಲ. ಸಿಕ್ರೂ, ಅದ್ಕಾಕೋ ದುಡ್ಡಲ್ಲಿ ಇಂಥದೇ ಇನ್ನೊಂದು ಗಾಡಿ ಬತ್ತದೆ."

ಅವಳಲ್ಲಿ ಆ ದುಡ್ಡು ಇರಲಿಲ್ಲ. ಅದು ಯತೀಶನಿಗೂ ಗೊತ್ತಿತ್ತು. ಅವನು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಯೋಚ್ನೆ ಮಾಡ್ಬ್ಯಾಡ. ದಾರಿ ಅದೆ. ಬ್ಲಫ್ ಊರಿನ ಕರೆಂಟ್ ಸ್ಟೇಷನ್‌ನಾಗೆ ಒಬ್ರವ್ರೆ, ಕನಕರಾಜು ಅಂತ. ಲಾರಿ ಅತ್ತಿ ಕಾಲು ಹೋಗದೆ. ಆಟೋಮ್ಯಾಟಿಕ್ಕೇ ಬೇಕು ಅಂತ ಮೂರ್ ತಿಂಗ್ಳಿಂದ ನನ್ ಪ್ರಾಣ ತಿಂತಾವ್ರೆ. ಇದನ್ನ ಅವ್ರಿಗೆ ದಾಟಿಸ್ಬುಡಾನ. ಬಂದ ದುಡ್ಡಿಗೆ ನಾನೂ ಒಂದಿಷ್ಟು ಹಾಕ್ತೀನಿ, ಇದಕ್ಕಿಂತ ಒಳ್ಳೇದು ತಗೊ."

"ಓಡದೆ ಇರೋ ಗಾಡೀನ?"

"ಓಡ್ತದೆ. ಹೇಳ್ಲಾ ಸಿದ್ದರಾಮು."

ಸಿದ್ದರಾಮು ಅವಳ ಕಡೆ ನೋಡಲಿಲ್ಲ. ಬಾಂಡ್ಲಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. "ಒಸಿ ಮಂದದ ಎಣ್ಣೆ ಬೆರ್ಸಿ ತುಂಬುದ್ರೆ ಒಂದೋ ಎಲ್ಡೋ ತಿಂಗ್ಳು ಬೆಣ್ಣೆ ಇದ್ದಂಗೆ ಓಯ್ತದೆ. ಎಲ್ರೂ ಮಾಡೋದೇ ಮೇಡಂ. ನಾನ್ ಮಾಡ್ದಿದ್ರೆ ಪಕ್ಕದ ಸೆಡ್ಡೋನು ಮಾಡ್ತಾನೆ."

"ಆಮೇಲೆ?"

"ಆಮೇಲೆ ಅವ್ರು ಓಡಿಸಿದ್ದು ಸರಿಯಿಲ್ಲ ಅಂತಾಯ್ತದೆ," ಎಂದ ಯತೀಶ್. "ಯಾಕಂಗ್ ನೋಡ್ತಿಯಾ? ಇಂಥ ಗಾಡಿನ ಕಾಲು ನೆಟ್ಟಗಿರೋರು ತಗೋತಾರಾ? ನಿಮ್ಮಂಥೋರೇ ತಗೋಬೇಕು, ನಿಮ್ಮಂಥೋರಿಗೇ ಮಾರ್ಬೇಕು."

ಸೀದ ವಾಸನೆ ಈಗ ಎಲ್ಲೆಡೆಯಿಂದ ಬರುತ್ತಿದೆ ಅನಿಸಿತು ಅವಳಿಗೆ. ಬಟ್ಟೆಯಿಂದ, ಬಾಂಡ್ಲಿಯಿಂದ, ಅವನ ಅಂಗಿಯಿಂದ. ಎದ್ದು ಹೋಗೋಣವೆಂದರೆ ಹೋಗುವುದು ಎಲ್ಲಿಗೆ, ಯಾವುದರಲ್ಲಿ. ಗಾಡಿ ತೆಗೆದುಕೊಳ್ಳುವ ಮುಂಚಿನ ಬೆಳಗುಗಳು ನೆನಪಾದವು. ಬಸ್ಸಿನ ಮೆಟ್ಟಿಲು ಎತ್ತರ. ಕಂಡಕ್ಟರು, ಇಲ್ಲವೇ ಹಿಂದೆ ನಿಂತವರು ಯಾರಾದರೂ, "ಇಡ್ಕಳಮ್ಮ" ಎಂದು ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಒಳ್ಳೆಯ ಕೈಗಳೂ ಇದ್ದವು. ಎತ್ತಿದ ಮೇಲೂ ಬಿಡದ ಕೈಗಳೂ ಇದ್ದವು. ಲ್ಯಾಬಿಗೆ ಹೋಗಿ ಮೊದಲು ಸೋಪು ಹಾಕಿ ಕಂಕುಳು ತೊಳೆದುಕೊಂಡು ಆಮೇಲೆ ಕೆಲಸಕ್ಕೆ ಕೂರುತ್ತಿದ್ದಳು. ಒಂದು ಸುಳ್ಳಿನಿಂದ ಅದೆಲ್ಲ ತಪ್ಪುತ್ತದೆ. ಆ ಮನುಷ್ಯನನ್ನು ಅವಳು ನೋಡಿಯೂ ಇಲ್ಲ. ಅವಳು ಬೇಡವೆನ್ನದೆ ಸುಮ್ಮನೆ ಕೂತಳು, ತಾನು ಲೆಕ್ಕ ಹಾಕುತ್ತಿದ್ದೇನೆ ಎಂದು ಗೊತ್ತಾದಾಗ ತನ್ನ ಮೇಲೇ ಹೇಸಿಗೆಯಾಯಿತು.

ಅವಳ ಮೌನವನ್ನು ಯತೀಶ್ ಒಪ್ಪಿಗೆ ಎಂದುಕೊಂಡ. ಸಿದ್ದರಾಮುವಿಗೆ ಕಣ್ಸನ್ನೆ ಮಾಡಿದ. ಸಿದ್ದರಾಮು ಎಣ್ಣೆಯ ಡಬ್ಬ ತರಲು ಒಳಗೆ ಹೋದ. ಯತೀಶ್ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಅವನ ದನಿ ತಟ್ಟನೆ ಪೇಟೆಯದಾಯಿತು.

"ನಮಸ್ಕಾರ ಸಾರ್. ಗಾಡಿ ಸಿಕ್ಕಿದೆ. ನಮ್ಮಕ್ಕಂದೇ. ಹೌದು ಸಾರ್, ಅವರಿಗೂ ನಿಮ್ಮ ಹಾಗೇ ಪ್ರಾಬ್ಲಮ್ಮು. ಪಕ್ಕದಲ್ಲೇ ಇದ್ದಾರೆ, ಮಾತಾಡಿ."

ಫೋನು ಅವಳ ಮುಖದ ಹತ್ತಿರ ಬಂತು.

"ನಮಸ್ಕಾರ ಮೇಡಂ, ಕನಕರಾಜು." ವಯಸ್ಸಾದ ದನಿ, ಮೆಲ್ಲನೆಯದು. "ನಂಗೆ ಗಾಡಿ ವಿಚಾರ ಏನೂ ಗೊತ್ತಾಗಕಿಲ್ಲ. ಇಷ್ಟ್ ದಿನ ಮಗಳು ಸ್ಕೂಟ್ರಲ್ಲಿ ಡ್ಯೂಟಿಗೆ ಬುಡ್ತಿದ್ಲು, ಈಗ ಅವ್ಳು ಗಂಡನ ಮನೆಗೆ ಓಯ್ತಾವ್ಳೆ. ಬ್ರೋಕರ್ ಮಾತು ಬುಡಿ ಮೇಡಂ, ತಪ್ಪು ತಿಳ್ಕಬ್ಯಾಡಿ. ನೀವು ಅದ್ರಲ್ಲೇ ದಿನಾ ಓಡಾಡೋರು. ನಿಮ್ ಬಾಯಲ್ಲಿ ಒಂದ್ಮಾತು ಬಂದ್ರೆ ಸಾಕು, ನಾನು ನೋಡಾಕೂ ಬರಾಕಿಲ್ಲ."

ಆಚೆಗೆ ಕೇಳದಂತೆ ಯತೀಶ್ ಫೋನಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದ. ಅವಳ ಕಿವಿಗೆ ಬಗ್ಗಿದ.

"ಚೆನ್ನಾಗದೆ ಅನ್ನು. ಅಷ್ಟೇ. ಇಲ್ದಿದ್ರೆ ನಾಳಿಂದ ಬಸ್ಸು ನೋಡ್ಕೊ, ನಾನಂತೂ ದಿನಾ ಮಳವಳ್ಳಿಗೆ ಬುಡಾಕಾಗಕಿಲ್ಲ. ಒಂದೇ ಮಾತು ಕಣಕ್ಕ, ಅನ್ನು."

"ಹಲೋ? ಮೇಡಂ?" ಎಂದಿತು ಫೋನು.

ಸಿದ್ದರಾಮು ಡಬ್ಬದ ಮುಚ್ಚಳಕ್ಕೆ ಕೈ ಇಟ್ಟುಕೊಂಡು ನಿಂತಿದ್ದ. ಮಂಜುಶ್ರೀ ತಮ್ಮನ ಹೆಬ್ಬೆರಳನ್ನು ಹಿಡಿದಳು. ಅಂಟಂಟಾಗಿತ್ತು. ಅದನ್ನು ಫೋನಿನ ಮೇಲಿಂದ ಎತ್ತಿ ಪಕ್ಕಕ್ಕೆ ಸರಿಸಿದಳು.

"ಅನ್ನಾಕಿಲ್ಲ," ಎಂದಳು.