ಬಳೆಯ ಸದ್ದಿಗೆ ತಿರುಗುವ ಕಾರು

ನಮ್ಮ ಕಡೆ ಕಾರು ಇರುವುದು ಮುದುಕರಿಗೆ ಮಾತ್ರ. ಜಾಗದ ತಕರಾರು ತೀರಿ, ತಂಗಿಯರ ಮದುವೆ ಮುಗಿದು, ಕೈಯಲ್ಲಿ ನಾಲ್ಕು ಕಾಸು ಉಳಿಯುವ ಹೊತ್ತಿಗೆ ಕಣ್ಣಿಗೆ ಪೊರೆ ಬಂದಿರುತ್ತದೆ. ಆಮೇಲೆ ಹೋಗಿ ಕಾರು ತರುತ್ತಾರೆ. ಆಲಂಕಾರಿನ ನಮ್ಮ ಯಜಮಾನರೂ ಹಾಗೆಯೇ ಒಂದು ಹಳೆಯ ಆಸ್ಟಿನ್ ತಂದರು.

ಮೊದಲು ಪೋಕರ್ ಎಂಬ ಡ್ರೈವರ್ ಇದ್ದ. ಕಾಣಿಯೂರಿನ ಮದುವೆಯಲ್ಲಿ ಡ್ರೈವರ್ ಇರುವುದನ್ನು ನೋಡಿ ಯಾರೋ "ಗೌಡ್ರಿಗೆ ಪ್ರಾಯ ಆಯ್ತಲ್ವಾ?" ಅಂದದ್ದೇ ತಡ, ಇವರು ಮರುದಿನವೇ ಅವನನ್ನು ಬಿಡಿಸಿದರು. ಪಾಪ, ಅವನು ಹೊಳೆ ದಾಟುವ ಕಡವಿನಲ್ಲಿ ಮೂಟೆ ಹೊರಲು ಸೇರಿದ. ಅಂದಿನಿಂದ ಕಾರು ಬಿಡುವುದು ಇವರು, ದಾರಿ ನೋಡುವುದು ನಾನು. ಹೆಂಡತಿ ಬಾಯಿಬಿಟ್ಟು ದಾರಿ ಹೇಳಿದರೆ ಮರ್ಯಾದೆ ಹೋಗುತ್ತದಲ್ಲ! ಅದಕ್ಕೆ ಹಿಂದಿನ ಸೀಟಿನಲ್ಲಿ ಕೂತು ಎಡಕ್ಕಾದರೆ ಬಳೆ ಆಡಿಸಬೇಕು, ಬಲಕ್ಕಾದರೆ ಕೆಮ್ಮಬೇಕು, ನಿಲ್ಲಿಸಬೇಕಾದರೆ "ಶಿವ ಶಿವಾ" ಅನ್ನಬೇಕು. ಇವರೇ ಮಾಡಿದ ಕಾನೂನು. ದನ ಅಡ್ಡ ಬಂದರೆ ದನಕ್ಕೆ ಬೈಗುಳ, ಗುಂಡಿಗೆ ಇಳಿದರೆ ರಸ್ತೆಗೆ. ಊರಲ್ಲಿ ಮಾತ್ರ "ನನ್ನದು ಗಿಡುಗನ ಕಣ್ಣು" ಎಂಬ ಜಂಬ. ಕೇಳಿ ಕೇಳಿ ನನಗೆ ಹೇಸಿಗೆ ಹುಟ್ಟಿತ್ತು.

ಕುಮಾರಧಾರೆಯ ಕಡವಿನಲ್ಲಿ ಕಾರು ದಾಟಿಸಲು ಎರಡು ದೋಣಿ ಜೋಡಿಸಿದ ಜಂಗಲು ಇತ್ತು. ದಡದಿಂದ ಅದಕ್ಕೆ ಚಕ್ರಗಳಷ್ಟೇ ಅಗಲದ ಎರಡು ಹಲಗೆ. ಕಾರು ಹತ್ತುವಾಗ ಬೇರೆ ಮನೆಯ ಹೆಂಗಸರು ಇಳಿದು ನಿಲ್ಲುತ್ತಿದ್ದರು. ನಾನೊಬ್ಬಳೇ ಜೀವ ಕೈಯಲ್ಲಿ ಹಿಡಿದು ಒಳಗೆ. ಗೌಡ್ತಿಗೆ ಎಷ್ಟು ಧೈರ್ಯ ಎಂದು ಜನ ಹೊಗಳುತ್ತಿದ್ದರಂತೆ.

ಐವತ್ತೆಂಟನೇ ಇಸವಿಯಲ್ಲಿ ಮಗಳು ಪೂವಮ್ಮ ಪುತ್ತೂರಿನಲ್ಲಿ ಹೆತ್ತಳು. ಹೆಣ್ಣುಮಗು. ಮನೆಗೆ ಕರೆತರುವ ದಿನ ನಾನು ಕೈಮುಗಿದು ಕೇಳಿದೆ: "ಇವತ್ತೊಂದು ದಿನ ಪೋಕರನನ್ನು ಕರೀರಿ."

"ನನ್ನ ಮೊಮ್ಮಗಳನ್ನು ನಾನೇ ತರುದು. ಎಂತ, ನಾನು ಸತ್ತಿದ್ದೇನಾ?"

ಬರುವಾಗ ಕಡವು ಮುಟ್ಟುವವರೆಗೆ ಬಳೆ ಆಡಿಸಿ ಆಡಿಸಿ ಕೈ ಸೋತಿತು. ಇವರು ಹಲಗೆಯ ಮುಂದೆ ಕಾರು ನಿಲ್ಲಿಸಿ ನನ್ನ ಸದ್ದಿಗೆ ಕಾದರು. ಮಡಿಲಲ್ಲಿ ಮಗು ಆಕಳಿಸಿತು. ನನ್ನ ಜೀವದ ಜೊತೆ ಆಡಿದ್ದು ಸಾಕು, ಇದರದ್ದನ್ನು ಕೊಡುವುದಿಲ್ಲ ಎಂದುಕೊಂಡು ಮಗುವನ್ನು ಎತ್ತಿಕೊಂಡು ಇಳಿದೆ. ಪೂವಮ್ಮನೂ ಇಳಿದಳು.

ಇಂಜಿನು ಗುರುಗುಟ್ಟುತ್ತಲೇ ಇತ್ತು, ಕಾರು ಕದಲಲಿಲ್ಲ. ಹಾರ್ನ್ ಹೊಡೆದರು. ನಾನು ಬಳೆ ಸದ್ದಾಗದಂತೆ ಮಗುವನ್ನು ಎದೆಗೊತ್ತಿಕೊಂಡೆ. ಜಂಗಲು ನಡೆಸುವ ಬೋಜ, ದಾಟಲು ಕಾದಿದ್ದ ಜನ, ಎಲ್ಲರೂ ನೋಡುತ್ತಿದ್ದರು. ಕೊನೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾನಿಲ್ಲದ ಕಡೆಗೆ ತಿರುಗಿ ಕಿರುಚಿದರು:

"ಎಲ್ಲಿ ಹಾಳಾಗಿ ಹೋದೆ? ಕೆಮ್ಮು ಮಾರಾಯ್ತಿ!"

ಬೋಜ ನಗಲಿಲ್ಲ. "ಕೆಮ್ಮುದು ಬೇಡ ಅಮ್ಮ," ಅಂದ. "ನಿಮ್ಮ ಬಳೆ ಕೇಳಿಯೇ ನಾವೆಲ್ಲ ಇಷ್ಟು ವರ್ಷ ಚರಂಡಿಗೆ ಹಾರುದು. ಊರಿಗೇ ಗೊತ್ತುಂಟು."

ಮೂಟೆ ಇಳಿಸಿ ಪೋಕರ್ ಬಂದ. ಕಾರಿನ ಬಾಗಿಲು ತೆಗೆದು ಹಿಡಿದ. ಇವರು ಹಲಗೆಯನ್ನು ಕಾಲಿನಿಂದ ತಡವುತ್ತಾ ನಡೆದು ಜಂಗಲು ಹತ್ತಿದರು. ಪೋಕರ್ ಒಂದೇ ಸಲಕ್ಕೆ ಕಾರನ್ನು ಹತ್ತಿಸಿದ.

ಆಚೆ ದಡದಲ್ಲಿ ಇವರು ಹಿಂದೆ ನನ್ನ ಪಕ್ಕ ಬಂದು ಕೂತರು. "ನಿನಗೆ ಹೆದರಿಕೆ ಅಂತ ಅವನನ್ನು ಇಟ್ಟುಕೊಳ್ಳುದು, ಗೊತ್ತಾಯ್ತಾ?" ಅಂದರು. ಮನೆ ಮುಟ್ಟುವವರೆಗೂ ಪ್ರತಿ ತಿರುವಿನಲ್ಲಿ ಪೋಕರನಿಗೆ ಕೇಳುವಂತೆ ಕೆಮ್ಮುತ್ತಿದ್ದರು. ಎಡದ ತಿರುವಿಗೂ ಕೆಮ್ಮಿದರು.